ಅತ್ತೆ ಆ ದಡ, ನಾನು ಈ ದಡ

ಕೊಳ್ಳೇಗಾಲದ ಬಸ್ ನಿಲ್ದಾಣದಿಂದ ನಾವು ಹೊರಟಾಗ ಬೆಳಗಿನ ಆರು ಗಂಟೆ. ನಾವು ಎಂದರೆ ನಾನು ಮತ್ತು ನನ್ನ ಅತ್ತೆ ಪುಟ್ಟಮ್ಮ. ಅತ್ತೆಯ ತಂಗಿ ನಂಜಮ್ಮನನ್ನು ಧರ್ಮಪುರಿ ಜಿಲ್ಲೆಯ ನಾಗಮರೈ ಎಂಬ ಊರಿಗೆ ಕೊಟ್ಟಿದ್ದರು. ಮೆಟ್ಟೂರು ಅಣೆಕಟ್ಟೆಯ ಹಿನ್ನೀರಿನ ಆಚೆ ದಡದಲ್ಲಿ ಆ ಊರು. ನಂಜಮ್ಮನ ಮೊಮ್ಮಗುವಿಗೆ ಭಾನುವಾರ ತೊಟ್ಟಿಲು ಶಾಸ್ತ್ರವಿತ್ತು. ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣ ಅದು. ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ನನಗೆ ಶನಿವಾರಕ್ಕೂ ಸೋಮವಾರಕ್ಕೂ ರಜೆ ಸಿಕ್ಕಿತ್ತು. ಹಾಗಾಗಿ ಅತ್ತೆಯನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅತ್ತೆಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಹರಿಗೋಲು ಮಗುಚಿದ್ದನ್ನು ಕಣ್ಣಾರೆ ಕಂಡವರು ಅವರು. ಹಿಂದೊಮ್ಮೆ ಮಾವನವರ ಜೊತೆ ತಂಗಿಯ ಮನೆಗೆ ಹೋದಾಗಲೂ ಸೇಲಂ, ಧರ್ಮಪುರಿ ಎಲ್ಲ ಸುತ್ತಿಕೊಂಡು ರಸ್ತೆಯಲ್ಲೇ ಹೋಗಿದ್ದರಂತೆ. ಈ ಸಲ ನಂಜಮ್ಮನ ಮಗ ಕಾಗದ ಬರೆದು, ಕೊಳತ್ತೂರಿನಲ್ಲಿ ಇಳಿದು ಪಣ್ಣವಾಡಿಗೆ ಬಂದರೆ ಮೋಟಾರು ದೋಣಿಯಿದೆ, ಇಪ್ಪತ್ತೈದು ನಿಮಿಷದಲ್ಲಿ ನಮ್ಮೂರು ಎಂದು ತಿಳಿಸಿದ್ದ. ಒಂದು ದಿನದ ಸುತ್ತಾಟ ತಪ್ಪುತ್ತದಲ್ಲ ಎಂದು ನನಗೆ ಆಸೆಯಾಯಿತು. ಅತ್ತೆಗೆ ಮಾತ್ರ, "ಕೊನೇಲಿ ಒಂದು ಚಿಕ್ಕ ನೀರು ದಾಟಬೇಕು" ಎಂದಷ್ಟೇ ಹೇಳಿದ್ದೆ. ಅವರು ಕಾಲುವೆಯೋ ಹಳ್ಳವೋ ಇರಬೇಕು ಎಂದುಕೊಂಡಿದ್ದರು.

ಹನೂರು ದಾಟಿ, ಮಾದೇಶ್ವರನ ಬೆಟ್ಟದ ತಿರುವುಗಳನ್ನು ಏರುವ ಹೊತ್ತಿಗೆ ಬಿಸಿಲು ಬಂತು. ಬೆಟ್ಟದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಇಡ್ಲಿ ತಿಂದೆವು. ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಮಧ್ಯಾಹ್ನದ ಮಾತ್ರೆಯ ಪೊಟ್ಟಣವನ್ನು ನನ್ನ ಚೀಲಕ್ಕೆ ಹಾಕಿಸಿದರು. ಪಾಲಾರ್ ಸೇತುವೆಯ ಹತ್ತಿರ ಪೊಲೀಸರು ಬಸ್ಸು ಹತ್ತಿ ಒಂದೊಂದೇ ಚೀಲ ಒತ್ತಿ ನೋಡಿದರು. ಕಾಡುಗಳ್ಳರ ಹುಡುಕಾಟದ ಆ ವರ್ಷಗಳಲ್ಲಿ ಕಾಡಿನ ದಾರಿ ಹಾಗಿತ್ತು. ನಮ್ಮ ಚೀಲದಲ್ಲಿದ್ದದ್ದು ಕೊಬ್ಬರಿ ಬಟ್ಟಲು, ಮಗುವಿಗೆ ಒಂದು ಜರಿ ಅಂಗಿ, ಅತ್ತೆ ಮಾಡಿದ ಎಳ್ಳುಂಡೆ. ಎಳ್ಳುಂಡೆಯ ವಾಸನೆಗೆ ಒಬ್ಬ ಪೊಲೀಸಿನವನು ನಕ್ಕ. ಅತ್ತೆ ಅವನ ಕೈಗೂ ಒಂದು ಉಂಡೆ ಇಟ್ಟರು.

ಕೊಳತ್ತೂರಿನಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಅಲ್ಲಿಂದ ಪಣ್ಣವಾಡಿಗೆ ಟೌನ್ ಬಸ್ಸು. ಬಸ್ಸಿನ ತುಂಬ ತಮಿಳು, ನಡುನಡುವೆ ನಮ್ಮ ಕಡೆಯದೇ ಕನ್ನಡ. ರಸ್ತೆಯ ಎರಡೂ ಬದಿ ನೆಲಗಡಲೆ, ಮರಗೆಣಸಿನ ಹೊಲ. ಕೊನೆಯ ತಿರುವಿನಲ್ಲಿ ಹೊಲಗಳು ಮುಗಿದು ಇದ್ದಕ್ಕಿದ್ದ ಹಾಗೆ ನೀರು ಕಾಣಿಸಿತು. ಕಣ್ಣು ಹಾಯಿಸಿದಷ್ಟೂ ನೀರು. ಆಚೆ ದಡ ಒಂದು ಹಸಿರು ಗೆರೆಯಷ್ಟೇ.

ಅತ್ತೆ ಬಸ್ಸಿನಿಂದ ಇಳಿದವರು ಅಲ್ಲೇ ನಿಂತುಬಿಟ್ಟರು. "ಇದೇನೆ ಸುಮಿತ್ರಾ ಇದು? ಚಿಕ್ ನೀರು ಅಂದಲ್ಲೆ? ಇದು ಸಮುದ್ರ ಇದ್ದಂಗದೆ."

ನಾನು ಚೀಲ ಎತ್ತಿಕೊಂಡು, ದೋಣಿ ನಿಲ್ಲುವ ಕಡವಿನ ಕಡೆಗೆ ಹೆಜ್ಜೆ ಹಾಕಿದೆ.

ಕಡವಿನಲ್ಲಿ ಸಂತೆಯ ಗದ್ದಲವಿತ್ತು. ದಡದ ಕೆಸರಿನ ಮೇಲೆ ಹಲಗೆ ಹಾಸಿ ದೋಣಿಗೆ ಮೊಪೆಡ್ಡುಗಳನ್ನು ಹತ್ತಿಸುತ್ತಿದ್ದರು. ಒಬ್ಬ ಎರಡು ಮೇಕೆಗಳನ್ನು ಎಳೆಯುತ್ತಿದ್ದ. ಹೆಂಗಸರು ಟೊಮೆಟೊ ಬುಟ್ಟಿ, ಸೀಮೆಎಣ್ಣೆ ಡಬ್ಬ, ಹೊಸ ಪ್ಲಾಸ್ಟಿಕ್ ಕೊಡಗಳನ್ನು ಹೊತ್ತು ಸಾಲಾಗಿ ಹತ್ತುತ್ತಿದ್ದರು. ಪಕ್ಕದಲ್ಲಿ ಮೀನಿನವರ ಪರಿಸಲುಗಳು, ಅಂದರೆ ನಮ್ಮ ಹರಿಗೋಲುಗಳೇ, ಡಾಂಬರು ಬಳಿದ ತಳವನ್ನು ಮೇಲೆ ಮಾಡಿಕೊಂಡು ಒಣಗುತ್ತಿದ್ದವು. ತೂಕದ ಶೆಡ್ಡಿನ ಮುಂದೆ ಜಿಲೇಬಿ ಮೀನಿನ ರಾಶಿ, ಮಂಜುಗಡ್ಡೆಯ ಪೆಟ್ಟಿಗೆ, ಕಾಗೆಗಳು. ದೋಣಿಗೆ ತಲೆಗೆ ಎರಡು ರೂಪಾಯಿ, ಮೊಪೆಡ್ಡಿಗೆ ಐದು.

ಅತ್ತೆ ಹುಣಸೆ ಮರದ ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತರು. "ನಾ ಬರಾಕಿಲ್ಲ. ನೀ ಓಗು. ನಂಜಿಗೆ ಏಳು, ನಿಮ್ಮಕ್ಕ ದಡದಲ್ಲಿ ಕುಂತವಳೆ ಅಂತ."

ಅಂಗಡಿಯಾಕೆ ಮಾದಮ್ಮ. ಐವತ್ತು ದಾಟಿದ, ದೊಡ್ಡ ಕುಂಕುಮದ ಹೆಂಗಸು. ನಮ್ಮ ಮಾತು ಕೇಳಿ ನಕ್ಕಳು. "ಅಮ್ಮಾ, ನಾವು ದಿನಾ ಓಗಿ ಬತ್ತೀವಿ. ಇಸ್ಕೂಲ್ ಪಿಳ್ಳೆಗಳೇ ಓಗ್ತವೆ. ಗೋವಿಂದಣ್ಣನ ದೋಣಿ ಗಟ್ಟಿ ಐತೆ, ಪಯಪ್ಪಡಬ್ಯಾಡಿ."

ಕಾಲು ಗಂಟೆ ಬೇಡಿಕೊಂಡೆ. ಕೊನೆಗೆ ಅತ್ತೆ ಎದ್ದರು. "ಮೊದ್ಲು ಚೀಲ ಇಟ್ಟು ಬಾ. ಆಮ್ಯಾಕೆ ನನ್ನ ಕೈ ಇಡ್ಕ. ಬುಡಬ್ಯಾಡ."

ನಾನು ಎರಡೂ ಚೀಲ ಎತ್ತಿಕೊಂಡು ಹಲಗೆ ದಾಟಿ ದೋಣಿಯ ಒಳಕ್ಕೆ ಹೋದೆ. ನಿಲ್ಲಲೂ ಜಾಗವಿರಲಿಲ್ಲ. ಮೊಪೆಡ್ಡುಗಳ ಸಂದಿಯಲ್ಲಿ ಬಗ್ಗಿ, ಚೀಲಗಳನ್ನು ಹಲಗೆಯ ಕೆಳಗೆ ತೂರಿಸುತ್ತಿದ್ದಾಗ ಇಂಜಿನ್ನು ಗುಡುಗಿತು. ತಲೆ ಎತ್ತುವಷ್ಟರಲ್ಲಿ ದಡ ನಾಲ್ಕು ಮಾರು ದೂರವಾಗಿತ್ತು. ಅತ್ತೆ ಹಲಗೆಯ ತುದಿಯಲ್ಲಿ ಒಂದು ಕೈ ಮುಂದೆ ಚಾಚಿಕೊಂಡು ನಿಂತಿದ್ದರು.

"ನಿಲ್ಸಿ! ನಮ್ಮತ್ತೆ! ನಮ್ಮತ್ತೆ ಅಲ್ಲೇ ಉಳಿದ್ರು!"

ಚುಕ್ಕಾಣಿ ಹಿಡಿದಿದ್ದ ಗೋವಿಂದ ತಿರುಗಿ ನೋಡಿದ. ನಲವತ್ತರ ಆಸುಪಾಸಿನವನು, ತಲೆಗೆ ಟವೆಲ್ ಸುತ್ತಿದ್ದ. "ಈಗ ತಿರುಗಿಸಾಕೆ ಆಗಲ್ಲಕ್ಕಾ, ಕಾತ್ತು ಏಳ್ತಾ ಐತೆ, ಗಾಳಿ. ಪಾರ, ತೂಕ ಬೇರೆ ಜಾಸ್ತಿ. ಇವ್ರನ್ನ ಇಳಿಸಿ ಒಂದೇ ಗಂಟೇಲಿ ಕರ್ಕಬತ್ತೀನಿ. ಮಾದಮ್ಮ ಅವಳಲ್ಲ, ನೋಡ್ಕತಾಳೆ."

ಅವನ ಮಾತು ಸುಳ್ಳಾಗಿರಲಿಲ್ಲ. ನಡು ನೀರಿಗೆ ಬರುವ ಹೊತ್ತಿಗೆ ಪಡುವಣ ಗಾಳಿ ಬೀಸತೊಡಗಿತು. ನೀರು ಕಪ್ಪಾಗಿ, ಅಲೆಗಳು ದೋಣಿಯ ಅಂಚಿಗೆ ಬಡಿದು ಒಳಗೆ ಸಿಡಿದವು. ಮೇಕೆಗಳು ಅರಚಿದವು. ಟೊಮೆಟೊ ಬುಟ್ಟಿಯ ಹೆಂಗಸು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಗೋವಿಂದ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ, ತುಂಬ ದೂರ ಸುತ್ತು ಹಾಕಿ, ಮುಕ್ಕಾಲು ಗಂಟೆಗೆ ನಾಗಮರೈ ದಡ ಮುಟ್ಟಿಸಿದ. ಎಲ್ಲರೂ ಇಳಿದ ಮೇಲೆ ದೋಣಿಗೆ ಎರಡು ಹಗ್ಗ ಬಿಗಿದು ಕುಳಿತುಬಿಟ್ಟ.

"ಒಂದು ಗಂಟೇಲಿ ಅಂದ್ರಲ್ಲ?" ಎಂದೆ.

"ಗಾಳಿ ನಿಲ್ಲಾವರ್ಗೂ ಯಾರೂ ಬುಡಲ್ಲಕ್ಕಾ. ನಾನು ಬುಟ್ರೂ ನನ್ನೆಂಡ್ತಿ ಬುಡಲ್ಲ."

ಆಗ ಎರಡು ಗಂಟೆ. ಅತ್ತೆಯ ಮಾತ್ರೆ, ಬುತ್ತಿ, ನಮ್ಮ ಪರ್ಸು ಎಲ್ಲ ನನ್ನ ಕಾಲ ಬಳಿಯಿದ್ದವು. ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಅತ್ತೆಗೆ ತಲೆ ಸುತ್ತಿ ಬೆವರು ಬರುತ್ತಿತ್ತು. ಎದುರು ದಡ ಕಣ್ಣಿಗೆ ಕಾಣುತ್ತಿತ್ತು, ಹುಣಸೆ ಮರವೂ ಒಂದು ಚುಕ್ಕೆಯ ಹಾಗೆ ಕಾಣುತ್ತಿತ್ತು. ಆದರೆ ಕೂಗಿದರೆ ಕೇಳದು. ಸುತ್ತಿ ಹೋಗೋಣವೆಂದರೆ ಪೆನ್ನಾಗರ, ಮೇಚೇರಿ, ಮೆಟ್ಟೂರು, ಕೊಳತ್ತೂರು ಎಂದು ಬಸ್ಸು ಬದಲಿಸಿ ಹೋಗುವುದರೊಳಗೆ ಕತ್ತಲಾಗುತ್ತದೆ, ಅಷ್ಟರಲ್ಲಿ ಗಾಳಿಯೇ ನಿಂತಿರುತ್ತದೆ ಎಂದ ಗೋವಿಂದ. ನಂಜಮ್ಮನ ಮನೆ ಕಡವಿನಿಂದ ಒಂದು ಮೈಲಿ. ಅಲ್ಲಿಗೆ ಹೋಗಿ ಏನೆಂದು ಹೇಳಲಿ? ನಾನು ದಡ ಬಿಟ್ಟು ಕದಲಲಿಲ್ಲ.

ಆ ಮೂರು ಗಂಟೆಗಳಲ್ಲಿ ಆ ದಡವನ್ನು ನೋಡಿದಷ್ಟು ನಾನು ಯಾವ ಊರನ್ನೂ ನೋಡಿಲ್ಲ. ಗಾಳಿಗೆ ಸಿಕ್ಕಿ ನಿಂತವರು ನಾನೊಬ್ಬಳೇ ಆಗಿರಲಿಲ್ಲ. ಮೆಟ್ಟೂರಿನ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೊರಟ ಇಬ್ಬರು ಊಟದ ಕ್ಯಾರಿಯರ್ ಬಿಚ್ಚಿ ಅಲ್ಲೇ ಉಂಡರು. ಮೀನಿನವರು ಮೂರು ಮಂದಿ ನೈಲಾನ್ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಗೋವಿಂದನ ಹೆಂಡತಿ ಊಟ ತಂದು, ಗಂಡ ಉಣ್ಣುವವರೆಗೂ ದೋಣಿಯೊಳಗಿನ ನೀರನ್ನು ಡಬ್ಬದಲ್ಲಿ ಎತ್ತಿ ಎತ್ತಿ ಹೊರಗೆ ಸುರಿದಳು. ಆಮೇಲೆ ನನ್ನ ಮುಂದೆ ಎಲೆಯಲ್ಲಿ ಬೇಯಿಸಿದ ಮರಗೆಣಸು ಇಟ್ಟು, "ತಿನ್ನಿ ಅಕ್ಕಾ, ಅಳ್ತಾ ಕುಂತ್ರೆ ಗಾಳಿ ನಿಂತದಾ?" ಎಂದಳು. ಒಂದು ತುಂಡು ಬಾಯಿಗೆ ಹಾಕಿದೆ. ಉಳಿದದ್ದನ್ನು ಎಲೆಯಲ್ಲೇ ಸುತ್ತಿಟ್ಟೆ.

ಆಚೆಗೆ ಹೋಗಬೇಕಿದ್ದ ಶಾಲೆಯ ಹುಡುಗಿಯರು ಕೆಲವರಿದ್ದರು. ನಾನು ಟೀಚರೆಂದು ತಿಳಿದು ಹತ್ತಿರ ಬಂದರು. ಮನೆಯಲ್ಲಿ ಕನ್ನಡ, ಓದುವುದು ತಮಿಳು. ವಳ್ಳಿ ಎಂಬ ಹುಡುಗಿ, "ಟೀಚರ್, ನಾವ್ ಮಾತಾಡೋ ಬಾಸೆಗೂ ಎಳುತ್ತು ಐತಾ?" ಎಂದು ಕೇಳಿದಳು. ಅಕ್ಷರ ಇದೆಯಾ ಎಂದು ಅವಳು ಕೇಳಿದ್ದು. ಅವಳ ನೋಟ್‌ಬುಕ್ಕಿನಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದೆ. ಅವಳು ಅದರ ಕೆಳಗೇ ಐದು ಸಲ ತಿದ್ದಿ ಬರೆದು, "ದುಂಡ ದುಂಡಗೈತೆ" ಎಂದು ಗೆಳತಿಯರಿಗೆ ತೋರಿಸಿದಳು. ಬೇರೆ ದಿನವಾಗಿದ್ದರೆ ಪೂರ್ತಿ ವರ್ಣಮಾಲೆಯನ್ನೇ ಬರೆದುಕೊಡುತ್ತಿದ್ದೆ. ಅಂದು ಪ್ರತಿ ಎರಡು ನಿಮಿಷಕ್ಕೊಮ್ಮೆ ನನ್ನ ಕಣ್ಣು ಹುಣಸೆ ಮರದ ಕಡೆಗೆ ಹೋಗುತ್ತಿತ್ತು.

ನಾಲ್ಕೂಮುಕ್ಕಾಲಿಗೆ ಗಾಳಿ ಇಳಿಯಿತು. ಗೋವಿಂದ ಹಗ್ಗ ಬಿಚ್ಚಿದ. ಮೊದಲು ಹತ್ತಿದವಳು ನಾನು. ಚೀಲಗಳನ್ನು ಅವನ ಹೆಂಡತಿಯ ಹತ್ತಿರ ಬಿಟ್ಟು, ಮಾತ್ರೆಯನ್ನೂ ಬುತ್ತಿಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಪಣ್ಣವಾಡಿ ದಡದಲ್ಲಿ ಅತ್ತೆ ಇರಲಿಲ್ಲ.

ಟೀ ಅಂಗಡಿಗೆ ಗೋಣಿಯ ಪರದೆ ಇಳಿಬಿಟ್ಟಿತ್ತು. ಬೆಂಚು ಖಾಲಿ. ಪಕ್ಕದಲ್ಲಿ ಪರಿಸಲಿಗೆ ಡಾಂಬರು ಮೆತ್ತುತ್ತಿದ್ದ ಮುದುಕನನ್ನು ಕೇಳಿದೆ. "ಬಿಳೀ ಸೀರೆ ಅಜ್ಜೀನಾ? ಅದು ನೀರಂಚಲ್ಲೇ ಓಯ್ತಾ ಇತ್ತು. ಅಂಗೇ ವಡಕ್ಕು ಪಕ್ಕ" ಎಂದು ಬಡಗಣ ದಿಕ್ಕಿಗೆ ಕೈ ತೋರಿಸಿದ. "ಏನೋ ಕೂಗ್ತಾ ಇತ್ತು."

ನೀರಂಚಲ್ಲಿ! ನೀರೆಂದರೆ ಹತ್ತು ಹೆಜ್ಜೆ ಹಿಂದೆ ನಿಲ್ಲುವ ಹೆಂಗಸು. ತಲೆ ಸುತ್ತಿತೋ, ಬುದ್ಧಿ ಮಂಕಾಯಿತೋ ಎಂದು ನಾನು ಓಡಿದೆ. ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಅದನ್ನು ಅಲ್ಲೇ ಬಿಟ್ಟೆ. ಅರ್ಧ ಕಿಲೋಮೀಟರು ಹೋದ ಮೇಲೆ ಬಂಡೆಗಳ ಮೇಲೆ ಬಟ್ಟೆ ಒಗೆಯುವ ಹೆಂಗಸರು ಸಿಕ್ಕರು. ನನ್ನ ಮುಖ ನೋಡಿಯೇ ಒಬ್ಬಳು ಎದ್ದು ಬಂದಳು.

"ನೀನೇನಾ ಆ ಸೊಸೆ? ಅಯ್ಯೋ ತಾಯೀ! ಇಲ್ಲಿಂದ ದೋಣಿ ಕಾಣ್ತದಾ ಅಂತ ಕೇಳ್ಕಂಡು ಬಂತು ನಿಮ್ಮತ್ತೆ. ಆಮೇಲೆ ಮಾದಮ್ಮ ಬಂದು ಬಸ್ಸಿಗೆ ಕರ್ಕಂಡೋದ್ಲು."

"ಯಾವ ಬಸ್ಸಿಗೆ?"

"ಮೆಟ್ಟೂರ್ ಬಸ್ಸು. ಅಲ್ಲಿಂದ ಸುತ್ತಿ ನಾಗಮರೈಗೆ. ಮಾದಮ್ಮನ ಮಗಳನ್ನ ಆ ಕಡೇನೇ ಕೊಟ್ಟೈತಲ್ಲ, ಏರಿಯೂರಲ್ಲಿ. ಮಗಳ ಮುಖ ನೋಡ್ದಂಗೂ ಆಯ್ತದೆ ಅಂತ ಅಂಗಡಿ ಮುಚ್ಚಿ ಓದ್ಲು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಟ್ಟಿಗಿತ್ತಿಯಾದ ಒಬ್ಬ ಹೆಂಗಸು ಅತ್ತೆಯ ಜೊತೆಗಿದ್ದಾಳೆ ಎಂಬುದೇ ದೊಡ್ಡ ಸಮಾಧಾನವಾಯಿತು. ಆದರೆ ಊಟ? ಮಾತ್ರೆ? ನಾಲ್ಕು ಬಸ್ಸುಗಳ ಹಾದಿ? ಬರಿಗಾಲಲ್ಲಿ ಕಡವಿಗೆ ಓಡಿ ಬಂದೆ. ಗೋವಿಂದ ಕೊನೆಯ ಸುತ್ತಿಗೆ ಜನ ಹತ್ತಿಸುತ್ತಿದ್ದ. ವಿಷಯ ಕೇಳಿ, "ಅತ್ತೆ ಅಂದ್ರೆ ಅದು ಅತ್ತೆ!" ಎಂದು ಜೋರಾಗಿ ನಕ್ಕ. ದೋಣಿಯವರೆಲ್ಲ ನಕ್ಕರು. ನಾನೂ ಸ್ವಲ್ಪ ನಕ್ಕೆ.

ಈ ಸಲ ನೀರು ತಟ್ಟೆಯ ಹಾಗಿತ್ತು. ಸೂರ್ಯ ಕಾಡಿನ ಬೆಟ್ಟಗಳ ಹಿಂದಕ್ಕೆ ಇಳಿಯುತ್ತಿದ್ದ. ಎದುರಿನಿಂದ ಮೀನಿನವರ ಪರಿಸಲುಗಳು ಸಂಜೆಯ ಬಲೆ ಬಿಡಲು ಒಂದೊಂದಾಗಿ ಹೊರಡುತ್ತಿದ್ದವು. ಒಬ್ಬ ಹುಟ್ಟು ಹಾಕಿದರೆ ಇನ್ನೊಬ್ಬ ಬಲೆಯನ್ನು ಮಾರು ಮಾರಾಗಿ ನೀರಿಗೆ ಬಿಡುತ್ತಿದ್ದ.

ನಾಗಮರೈ ದಡ ಹತ್ತಿರವಾದಾಗ ಗೋವಿಂದ ಇಂಜಿನ್ನು ಸಣ್ಣದು ಮಾಡಿ, "ಅಕ್ಕಾ, ಅಲ್ನೋಡಿ" ಎಂದ.

ಹಲಗೆಯ ಪಕ್ಕದಲ್ಲಿ, ನೀರಿನೊಳಗೆ, ಅತ್ತೆ ನಿಂತಿದ್ದರು. ಮೀನಖಂಡದವರೆಗೆ ನೀರಿತ್ತು. ಬಿಳಿ ಸೀರೆಯ ಅಂಚು ತೇಲುತ್ತಿತ್ತು. ಹಿಂದೆ ದಡದಲ್ಲಿ ಮಾದಮ್ಮ ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ದೋಣಿ ನಿಲ್ಲುವ ಮೊದಲೇ ಅತ್ತೆ ಕೈ ಚಾಚಿ ನನ್ನ ರಟ್ಟೆ ಹಿಡಿದರು. ಹಿಡಿದ ಮೇಲೆ ಬೈಯತೊಡಗಿದರು.

"ಬದ್ಕಿದ್ದೀಯಾ? ಬದ್ಕಿದ್ರೆ ಯಾಕೆ ತಿರ್ಗಾ ಓದೆ ಆ ನೀರಿಗೆ? ಒಂದ್ಸಾರಿ ತಪ್ಪಿಸ್ಕಂಡಿದ್ದು ಸಾಲ್ದಾ ನಿನಗೆ?"

"ಅತ್ತೆ, ನಿಮ್ಮನ್ನ ಹುಡುಕಿಕೊಂಡೇ..."

"ನನ್ನೇನ್ ಉಡ್ಕದು? ನಾನು ನೆಲದ ಮ್ಯಾಲೆ ಇದ್ದೆ. ನೀನು ನೀರ ಮ್ಯಾಲೆ ಇದ್ದೆ!"

ಆಗ ನನಗೆ ಅರ್ಥವಾಯಿತು. ಗಾಳಿ ಎದ್ದಾಗ ದಡದಿಂದ ನೋಡುತ್ತಿದ್ದ ಅತ್ತೆಗೆ ದೋಣಿ ಅಲೆಗಳ ನಡುವೆ ಕಾಣಿಸಿ, ಮತ್ತೆ ಕಾಣಿಸದೆ ಹೋಗಿತ್ತು. ಗೋವಿಂದ ಸುತ್ತು ಹಾಕಿ ಹೋದದ್ದರಿಂದ ಅದು ಎಂದಿನ ಜಾಗದಲ್ಲಿ ದಡ ಸೇರಿದ್ದನ್ನು ಯಾರೂ ಕಂಡಿರಲಿಲ್ಲ. ದೋಣಿ ಮುಟ್ಟಿತಾ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದರಂತೆ. ಮುಟ್ಟಿರ್ತದೆ ಎಂದರಂತೆ ಎಲ್ಲರೂ. ಮುಟ್ಟಿತು ಎಂದು ಒಬ್ಬರೂ ಹೇಳಲಿಲ್ಲ. ನೀರಂಚಿನಲ್ಲಿ ನನ್ನ ಹೆಸರು ಕೂಗುತ್ತ ನಡೆದಿದ್ದರು. ಆಮೇಲೆ, ನೀರಿನ ಮೇಲಲ್ಲದಿದ್ದರೆ ನೆಲದ ಮೇಲೆ ಹೋಗಿಯಾದರೂ ನೋಡಿಯೇ ತೀರುತ್ತೇನೆ ಎಂದು ಹಟ ಹಿಡಿದರಂತೆ. ಇಲ್ಲಿ ಬಂದು ಇಳಿದ ಮೇಲೆ, ನಾನು ಮತ್ತೆ ದೋಣಿ ಹತ್ತಿದ್ದನ್ನು ಗೋವಿಂದನ ಹೆಂಡತಿ ಹೇಳಿದ್ದಳು. ನಾನು ಮೂರು ಗಂಟೆ ಅವರಿಗಾಗಿ ಹೆದರಿದ್ದೆ. ಅವರು ಐದು ಗಂಟೆ ಹೆದರಿ, ನನ್ನ ಹೆಣ ಹುಡುಕಲು ಬಸ್ಸಿನಲ್ಲಿ ಬಂದಿದ್ದರು.

"ಊಟ?" ಎಂದೆ.

"ನಾನು ಬುಟ್ಟೇನಾ?" ಎಂದಳು ಮಾದಮ್ಮ. "ಮೊದ್ಲು ಮುದ್ದೆ ಸೊಪ್ಪಿನ್ಸಾರು ಉಣ್ಸಿ ಅಪ್ಪುರಂ ಬಸ್ ಅತ್ಸಿದ್ದು. ದಾರೀಲಿ ಟಿಕೆಟ್ಟೆಲ್ಲ ನಿಮ್ಮತ್ತೇನೇ ತಕ್ಕಂಡ್ರು, ಎಲೆಅಡ್ಕೆ ಚೀಲದಿಂದ. ನನಗೂ ಸೇರ್ಸಿ."

ಮಾತ್ರೆಯನ್ನು ಅಲ್ಲೇ ದಡದಲ್ಲಿ ನುಂಗಿಸಿದೆ. ಅತ್ತೆಯ ಕಾಲಿನ ಕೆಸರನ್ನು ತೊಳೆಯಲು ಬಗ್ಗಿದಾಗ ನನ್ನ ಬರಿಗಾಲು ಅವರಿಗೆ ಕಂಡಿತು. "ಎಕ್ಕಡ ಎಲ್ಲೆ?" ಎಂದರು. ಕೆಸರಲ್ಲಿ ಹೋಯಿತು ಎಂದೆ. ಅವರು ತಮ್ಮ ಚಪ್ಪಲಿಯನ್ನು ನನ್ನ ಮುಂದೆ ತಳ್ಳಿದರು. ನಾನು ಹಾಕಿಕೊಳ್ಳಲಿಲ್ಲ, ಅವರೂ ಹಾಕಿಕೊಳ್ಳಲಿಲ್ಲ. ಗೋವಿಂದನ ಹೆಂಡತಿಯಿಂದ ಚೀಲ ತೆಗೆದುಕೊಂಡು ಮಾದಮ್ಮನನ್ನು ಏರಿಯೂರಿನ ಬಸ್ಸಿಗೆ ಹತ್ತಿಸಿ, ಇಬ್ಬರೂ ಬರಿಗಾಲಲ್ಲಿ ಆ ಒಂದು ಮೈಲಿ ನಡೆದೆವು. ಅತ್ತೆ ದಾರಿಯುದ್ದಕ್ಕೂ ನನ್ನ ರಟ್ಟೆ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಂಜಮ್ಮನ ಮನೆ ಸೇರಿದೆವು. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗೊಳೋ ಎಂದು ಅತ್ತು, ಹಾಗೆಯೇ ನಕ್ಕರು. ಆ ರಾತ್ರಿ ಮಲಗಿದ್ದಷ್ಟೇ ನೆನಪು. ಮಾರನೆಯ ದಿನ ತೊಟ್ಟಿಲು ಶಾಸ್ತ್ರ ಚೆನ್ನಾಗಿ ನಡೆಯಿತು. ಜರಿ ಅಂಗಿ ಮಗುವಿಗೆ ಎರಡು ಬೆರಳು ದೊಡ್ಡದಾಗಿತ್ತು. ಕಾವೇರಿ ಎಂದು ಹೆಸರಿಡೋಣ ಎಂದು ನಂಜಮ್ಮನ ಮಗ ಅಂದಾಗ ಅತ್ತೆ, "ಬ್ಯಾಡ, ನೀರಿನ್ ಎಸ್ರು ಬ್ಯಾಡ" ಎಂದು ಖಡಾಖಂಡಿತವಾಗಿ ಹೇಳಿದರು. ಗೌರಿ ಎಂದು ಇಟ್ಟರು.

ಸೋಮವಾರ ಬೆಳಿಗ್ಗೆ ಗಾಳಿಯ ಸುಳಿವೇ ಇರಲಿಲ್ಲ. ನಂಜಮ್ಮನ ಮಗ ದೋಣಿಯಲ್ಲಿ ಹೋಗಿ ಎಂದ. ಅತ್ತೆ ನನ್ನ ಮುಖ ನೋಡಿದರು. "ನೀ ಬೇಕಾದ್ರೆ ಓಗು. ನಾ ಬಸ್ಸಲ್ಲಿ ಬತ್ತೀನಿ" ಎಂದರು. ಹೇಳಿದ ರೀತಿಯಲ್ಲೇ, ಹೋಗಬೇಡ ಎಂಬುದು ಗೊತ್ತಾಗುತ್ತಿತ್ತು. ಇಪ್ಪತ್ತೈದು ನಿಮಿಷದ ದಾರಿಗೆ ನಾವು ಅರ್ಧ ದಿನ ಕೊಟ್ಟೆವು. ಪೆನ್ನಾಗರದಲ್ಲಿ ನನಗೆ ಒಂದು ಜೊತೆ ಹವಾಯಿ ಚಪ್ಪಲಿ ಕೊಂಡೆವು. ಮೇಚೇರಿಯ ಬಸ್ ನಿಲ್ದಾಣದಲ್ಲಿ ಬಿಸಿ ದೋಸೆ ತಿಂದೆವು. ಮೆಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಅಣೆಕಟ್ಟೆಯ ಗೋಡೆ, ವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳು ಕಂಡವು. ಕೊಳತ್ತೂರು ದಾಟಿದ ಮೇಲೆ ಮರಗಳ ಸಂದಿಯಲ್ಲಿ ಕೊನೆಯ ಸಲ ಹಿನ್ನೀರು ಕಾಣಿಸಿತು. ಒಂದು ದೋಣಿ ಆಚೆಗೆ ಹೋಗುತ್ತಿತ್ತು, ಒಂದು ಈಚೆಗೆ ಬರುತ್ತಿತ್ತು. ಅತ್ತೆ ಕಿಟಕಿಯ ಪಕ್ಕದಲ್ಲಿ ಕುಳಿತು ಅವೆರಡೂ ಮರೆಯಾಗುವವರೆಗೆ ನೋಡಿದರು. ಆಮೇಲೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವರು ಹಾಗೆ ಮಲಗಿದ್ದು ಅದೇ ಮೊದಲು.

ಕೊಳ್ಳೇಗಾಲದ ನಿಲ್ದಾಣಕ್ಕೆ ನನ್ನ ಗಂಡ ಬಂದಿದ್ದರು. ಚೀಲ ಇಸಿದುಕೊಂಡು, "ಪ್ರಯಾಣ ಹೇಗಾಯ್ತವ್ವಾ? ಏನೂ ತೊಂದ್ರೆ ಆಗಲಿಲ್ಲವಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ತೊಂದ್ರೆ ಏನಿಲ್ಲ. ನಿನ್ನೆಂಡ್ತಿ ದಾರೀಲಿ ಕಳದೋಗಿದ್ಲು. ಉಡ್ಕಿ ಕರ್ಕಬಂದಿವ್ನಿ."

ಗಂಡ ನನ್ನ ಕಡೆ ನೋಡಿದರು. ನಾನು ತಿದ್ದಲು ಹೋಗಲಿಲ್ಲ.